ಪುಟ್ಟ ಡಬ್ಬಿಯ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿದೆಯೇ?

ನಾನೇ ಕೂತು ಜೋಡಿಸಿದ ಮೊದಲ ಮಿನಿ ಐಟಿಎಕ್ಸ್ (ಪುಟ್ಟ ಅಳತೆಯ ಮದರ್‌ಬೋರ್ಡ್‌ನ) ಕಂಪ್ಯೂಟರ್, ಆಟ ಶುರುವಾದ ಅರ್ಧ ಗಂಟೆಯೊಳಗೆ ಸದ್ದಿಲ್ಲದೆ ಆಫ್ ಆಗುತ್ತಿತ್ತು. ಚಿಕ್ಕ ಡಬ್ಬಿ, ಒಳಗೆ ಗಾಳಿಗೆ ಜಾಗವಿಲ್ಲ, ಬಿಸಿಯೇ ಕಾರಣ ಎಂದು ತೀರ್ಮಾನಿಸಿ, ಪ್ರೊಸೆಸರ್‌ನ ಬಿಸಿಯನ್ನು ಅದನ್ನು ತಣಿಸುವ ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ. ಸರಿಹೋಗಲಿಲ್ಲ. ಮತ್ತೆ ಬದಲಿಸಿದೆ. ಮೂರನೆಯ ಸಲ ಹಳೆಯ ಪೇಸ್ಟ್ ಒರೆಸುತ್ತಿದ್ದಾಗ ನಾಚಿಕೆಯಾಗುವಂಥ ಸಂಗತಿಯೊಂದು ಹೊಳೆಯಿತು: ಆಫ್ ಆಗುವ ಹೊತ್ತಿಗೆ ಪ್ರೊಸೆಸರ್ ಎಷ್ಟು ಬಿಸಿಯಾಗಿರುತ್ತದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ನೋಡಿದೆ. 71 ಡಿಗ್ರಿ. ಆ ಪ್ರೊಸೆಸರ್‌ಗೆ ಅದು ಜ್ವರವೇ ಅಲ್ಲ. ನಿಜವಾಗಿ ಬೇಯುತ್ತಿದ್ದದ್ದು ಪವರ್ ಸಪ್ಲೈ. ಅದು ಉಸಿರಾಡುವ ಜಾಗಕ್ಕೆ ಉಳಿದ ಕೇಬಲ್‌ಗಳ ಕಂತೆಯನ್ನು ತುರುಕಿದವನು ನಾನೇ.

ಅಂದಿನಿಂದ ಇಂಥ ಯಂತ್ರ ಎದುರು ಬಂದರೆ ಮೊದಲು ಎರಡೇ ಪ್ರಶ್ನೆ ಕೇಳುತ್ತೇನೆ. ಹೇಗೆ ಆಫ್ ಆಯಿತು? ಮತ್ತೆ ಹೇಗೆ ಎದ್ದಿತು? ಪ್ರೊಸೆಸರ್ ಬಿಸಿಯಾಗಿ ಸೋಲುವ ಯಂತ್ರ ಮೊದಲು ಬಳಲುತ್ತದೆ, ನಿಧಾನವಾಗುತ್ತದೆ, ಫ್ಯಾನ್ ಕೂಗಿಸುತ್ತದೆ. ವಿದ್ಯುತ್ ಸಾಲದೆ ಸೋಲುವ ಯಂತ್ರ ಮಾತಿನ ನಡುವೆ ಉಸಿರು ನಿಲ್ಲಿಸುತ್ತದೆ. ಈ ವ್ಯತ್ಯಾಸ ಗೊತ್ತಾದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

## ಡಬ್ಬಿ ಬಿಚ್ಚುವ ಮೊದಲು

ಸುಟ್ಟ ವಾಸನೆ, ಹೊಗೆ, ಚಟಚಟ ಸದ್ದು, ಕರಗಿದ ಪ್ಲಾಸ್ಟಿಕ್, ದ್ರವದ ಹನಿ: ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. “ಇನ್ನೊಂದು ಸಲ ಆನ್ ಮಾಡಿ ನೋಡೋಣ” ಎಂಬ ಪ್ರಯೋಗ ಬೇಡ. ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಅಂಥದ್ದೇನೂ ಇಲ್ಲದಿದ್ದರೆ, ಒಳಗೆ ಕೈ ಹಾಕುವ ಮುನ್ನ ಪ್ರತಿ ಸಲವೂ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಕೇಸ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಬಿಟ್ಟುಕೊಡಿ. ಪವರ್ ಸಪ್ಲೈಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯ ಮಾಡುವಷ್ಟು ವಿದ್ಯುತ್ ಉಳಿದಿರಬಹುದು.

ಇನ್ನು ಖರ್ಚಿಲ್ಲದ ಒಂದು ಕೆಲಸ. ವಿಂಡೋಸ್ ಆಗಿದ್ದರೆ ಎಚ್‌ಡಬ್ಲ್ಯುಇನ್ಫೋದಂಥ ಉಚಿತ ತಂತ್ರಾಂಶ, ಲಿನಕ್ಸ್ ಆಗಿದ್ದರೆ ಎಲ್‌ಎಂ-ಸೆನ್ಸರ್ಸ್ ಹಾಕಿಕೊಂಡು ತಾಪಮಾನವನ್ನು ಎರಡು ಸೆಕೆಂಡಿಗೊಮ್ಮೆ ಫೈಲಿಗೆ ಬರೆಸಿ. ಯಂತ್ರ ಆಫ್ ಆದ ಮೇಲೆ ಆ ಫೈಲಿನ ಕೊನೆಯ ಸಾಲುಗಳನ್ನು ಓದಿ. ಪರದೆಯ ಮೇಲೆ ಕಣ್ಣಿಟ್ಟು ಕಾಯುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ನೀವು ನೋಡದೆ ಇರುವ ಕ್ಷಣದಲ್ಲೇ ಅದು ಆಫ್ ಆಗುತ್ತದೆ.

ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ಕೂಡ ತೆರೆದು ನೋಡಿ. ಅಲ್ಲಿ ‘ಕರ್ನಲ್-ಪವರ್ 41’ ಎಂಬ ಕೆಂಪು ಗುರುತು ಕಂಡು ಅನೇಕರು ಗಾಬರಿಯಾಗುತ್ತಾರೆ. ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ಅದು ನಿಮಗೆ ಮೊದಲೇ ಗೊತ್ತು. ಅದರ ವಿವರದಲ್ಲಿ ಬಗ್‌ಚೆಕ್ ಸಂಖ್ಯೆ 0 ಎಂದಿದ್ದರೆ ನೀಲಿ ಪರದೆಯ (ವಿಂಡೋಸ್ ಕುಸಿದಾಗ ಕಾಣುವ ದೋಷದ ಪರದೆಯ) ದಾಖಲೆ ಇಲ್ಲವೆಂದಾಯಿತು. ಆಗ ಮೊದಲ ಅನುಮಾನ ವಿದ್ಯುತ್ತಿನ ಮೇಲೋ ಬಿಸಿಯ ಮೇಲೋ ಹೋಗಬೇಕು. ಅದೇ ಹೊತ್ತಿಗೆ 1074 ಸಂಖ್ಯೆಯ ದಾಖಲೆ ಇದ್ದರೆ ಯಾವುದೋ ತಂತ್ರಾಂಶ ಅಥವಾ ಅಪ್‌ಡೇಟ್ ಯಂತ್ರವನ್ನು ಕ್ರಮವಾಗಿ ಮುಚ್ಚಿದೆ. ಅದು ದೋಷವೇ ಅಲ್ಲ.

## ಲಕ್ಷಣ: ಫ್ಯಾನ್ ಕೂಗುತ್ತದೆ, ಎಲ್ಲವೂ ನಿಧಾನವಾಗುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ

ಇದು ನಿಜವಾದ ಬಿಸಿಯ ಲಕ್ಷಣ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದಾಗ ತಾನೇ ವೇಗ ಇಳಿಸಿಕೊಂಡು ಬಿಸಿ ತಗ್ಗಿಸುತ್ತದೆ. ಅದರಿಂದಲೂ ಆಗದೆ ತಾಪ ಇನ್ನೂ ಏರಿದರೆ ಮಾತ್ರ ಪ್ರಾಣ ಉಳಿಸಿಕೊಳ್ಳಲು ಯಂತ್ರವನ್ನೇ ನಿಲ್ಲಿಸುತ್ತದೆ. ಆದ್ದರಿಂದ ವೇಗ ಕುಸಿಯದೆ, ಮುನ್ಸೂಚನೆಯಿಲ್ಲದೆ ಆಫ್ ಆದರೆ ಪ್ರೊಸೆಸರ್ ಬಿಸಿಯ ಮೇಲೆ ತಪ್ಪು ಹೊರಿಸುವ ಮುನ್ನ ಎರಡು ಸಲ ಯೋಚಿಸಿ.

ಎಷ್ಟು ಬಿಸಿ ಜಾಸ್ತಿ? ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜ಼ನ್ 7000 ಸರಣಿಯ ಹೆಚ್ಚಿನವುಗಳಿಗೆ 95. ಈ ಸರಣಿಯ ಮೇಲ್ದರ್ಜೆಯ ಪ್ರೊಸೆಸರ್‌ಗಳು ಪೂರ್ತಿ ಕೆಲಸವಿದ್ದಾಗ ಬೇಕೆಂದೇ 95ರವರೆಗೆ ಹೋಗಿ ಅಲ್ಲೇ ನಿಲ್ಲುವಂತೆ ರೂಪಿಸಲಾಗಿದೆ. ಆ ಅಂಕಿ ಕಂಡ ಮಾತ್ರಕ್ಕೆ ಕೂಲರ್ ಕೆಟ್ಟಿದೆ ಎನ್ನಲಾಗದು. ನಿಮ್ಮ ಮಾದರಿಯ ಮಿತಿಯನ್ನು ತಯಾರಕರ ಪುಟದಲ್ಲಿ ನೋಡಿಕೊಳ್ಳಿ.

ಅಂಕಿಗಿಂತ ಹೆಚ್ಚಿನದನ್ನು ಹೇಳುವುದು ಅದು ಏರುವ ಬಗೆ. ಕೆಲಸ ಕೊಟ್ಟ ಎರಡು ಮೂರು ಸೆಕೆಂಡಿನಲ್ಲಿ 45ರಿಂದ 95ಕ್ಕೆ ಹಾರಿದರೆ ಪ್ರೊಸೆಸರ್‌ನ ಬಿಸಿ ಕೂಲರ್‌ಗೆ ತಲುಪುತ್ತಿಲ್ಲ: ಕೂಲರ್ ಸರಿಯಾಗಿ ಕೂತಿಲ್ಲ, ಪೇಸ್ಟ್ ಕೆಟ್ಟಿದೆ, ಇಲ್ಲವೇ ಆ ಪ್ರೊಸೆಸರ್‌ಗೆ ಕೂಲರ್ ಸಾಲದು. ಹತ್ತು ಹದಿನೈದು ನಿಮಿಷ ಹಿಡಿದು ಮೆಲ್ಲಗೆ ಏರುತ್ತಾ ಹೋದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ, ಆದರೆ ಡಬ್ಬಿಯೊಳಗಿನ ಗಾಳಿಯೇ ಕಾದಿದೆ. ಪುಟ್ಟ ಕೇಸ್‌ಗಳಲ್ಲಿ ಎರಡನೆಯದೇ ಹೆಚ್ಚು.

ಇದನ್ನು ಖಚಿತಪಡಿಸಿಕೊಳ್ಳಲು ಕೇಸ್‌ನ ಪಕ್ಕದ ಹಲಗೆ ತೆಗೆದು ಅದೇ ಕೆಲಸವನ್ನು ಅಷ್ಟೇ ಹೊತ್ತು ಮಾಡಿಸಿ. ತಾಪ ಹತ್ತು ಡಿಗ್ರಿಯಷ್ಟು ಇಳಿದರೆ ಗಾಳಿಯ ಸಮಸ್ಯೆ. ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ಕೂಲರ್ ಕಡೆ ನೋಡಿ. ಹಲಗೆ ತೆಗೆದಿರುವಾಗ ಮಕ್ಕಳ ಬೆರಳು, ಬೆಕ್ಕಿನ ಬಾಲ ದೂರವಿರಲಿ.

ಗಾಳಿಯದಾದರೆ ಸುಲಭದ್ದರಿಂದ ಶುರು ಮಾಡಿ. ಕಂಪ್ಯೂಟರ್ ಕಪಾಟಿನೊಳಗೆ, ಗೋಡೆಗೆ ಒತ್ತಿಕೊಂಡು, ಹಾಸಿನ ಮೇಲೆ ಇದ್ದರೆ ಅಲ್ಲಿಂದ ತೆಗೆಯಿರಿ. ಜಾಲರಿಗಳ ದೂಳು ತೆಗೆಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬುಗುರಿಯಂತೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಸ್ಥಿರ ವಿದ್ಯುತ್ ಹುಟ್ಟಿಸುವುದರಿಂದ ಒಳಗೆ ಬೇಡ. ಆಮೇಲೆ ತೆಳ್ಳನೆಯ ಕಾಗದದ ಚೂರೊಂದನ್ನು ಪ್ರತಿ ಜಾಲರಿಯ ಹೊರಗೆ ಹಿಡಿದು ನೋಡಿ: ಅಂಟಿಕೊಂಡರೆ ಗಾಳಿ ಒಳಗೆ ಹೋಗುತ್ತಿದೆ, ಹಾರಿದರೆ ಹೊರಗೆ ಬರುತ್ತಿದೆ. ಎಲ್ಲ ಫ್ಯಾನ್‌ಗಳೂ ಒಳಗೇ ಊದುತ್ತಿರುವ, ಇಲ್ಲವೇ ಎರಡು ಫ್ಯಾನ್‌ಗಳು ಒಂದರ ಮುಖಕ್ಕೆ ಒಂದು ಊದುತ್ತಿರುವ ಯಂತ್ರಗಳನ್ನು ನಾನು ನೋಡಿದ್ದೇನೆ. ಜೋಡಿಸುವಾಗ ಯಾರಿಗೂ ಗೊತ್ತಾಗುವುದಿಲ್ಲ.

ಪುಟ್ಟ ಕೇಸ್‌ಗೇ ವಿಶೇಷವಾದ ತೊಂದರೆಯೂ ಒಂದಿದೆ. ಕುಳ್ಳ ಕೂಲರ್‌ನ ಫ್ಯಾನ್‌ಗೂ ಪಕ್ಕದ ಜಾಲರಿಗೂ ನಡುವೆ ಒಂದೆರಡು ಸೆಂಟಿಮೀಟರ್ ಬಿಡುವಿದ್ದರೆ, ಫ್ಯಾನ್ ಹೊರಗಿನ ತಂಪು ಗಾಳಿಯ ಬದಲು ತಾನೇ ಬಿಸಿ ಮಾಡಿದ ಗಾಳಿಯನ್ನು ಆ ಸಂದಿಯಿಂದ ಮತ್ತೆ ಎಳೆದುಕೊಳ್ಳುತ್ತದೆ. ಫ್ಯಾನ್‌ನ ಅಂಚಿನ ಸುತ್ತ ಮೆತ್ತನೆಯ ಫೋಮ್ ಪಟ್ಟಿ ಅಂಟಿಸಿ ಜಾಲರಿಯವರೆಗೆ ಕೊಳವೆಯಂತೆ ಮಾಡಿದರೆ ಸಾಕು. ನನ್ನ ಮಟ್ಟಿಗೆ ದುಬಾರಿ ಫ್ಯಾನ್‌ಗಳಿಗಿಂತ ಈ ಪಟ್ಟಿಯೇ ಹೆಚ್ಚು ಕೆಲಸ ಮಾಡಿದೆ.

ಕೂಲರ್‌ನದೇ ತಪ್ಪೆಂದು ಕಂಡರೆ ಅದನ್ನು ಬಿಚ್ಚಿ ಪೇಸ್ಟ್‌ನ ಗುರುತು ನೋಡಿ. ಪ್ರೊಸೆಸರ್‌ನ ಮೇಲ್ಮೈಯಲ್ಲಿ ಪೇಸ್ಟ್ ಎಲ್ಲೆಡೆ ತೆಳ್ಳಗೆ ಹರಡಿರಬೇಕು. ಒಂದು ಮೂಲೆಯಲ್ಲಿ ದಪ್ಪ, ಇನ್ನೊಂದರಲ್ಲಿ ಖಾಲಿ ಎಂದರೆ ಸ್ಕ್ರೂಗಳನ್ನು ಒಂದೇ ಕಡೆ ಬಿಗಿದಿದ್ದೀರಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡೂ ಮೈಯನ್ನು ಒರೆಸಿ, ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಿಗಿಯಿರಿ. ಎಎಂಡಿಯ ಎಎಂ4 ಎಂಬ ಸಾಕೆಟ್‌ನಲ್ಲಿ (ಪ್ರೊಸೆಸರ್ ಕೂರುವ ಜಾಗದಲ್ಲಿ) ಕೂರುವ ಪ್ರೊಸೆಸರ್, ಕೂಲರ್‌ಗೆ ಅಂಟಿಕೊಂಡು ಅಲ್ಲಿಂದಲೇ ಕಿತ್ತು ಬರುವುದುಂಟು. ಆದ್ದರಿಂದ ಮೊದಲು ಯಂತ್ರವನ್ನು ಕೆಲಹೊತ್ತು ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆಯಿರಿ. ಮೇಲಕ್ಕೆ ಎಳೆಯಬೇಡಿ.

ಎಲ್ಲವೂ ಸರಿಯಿದ್ದೂ ಬಿಸಿ ಇಳಿಯದಿದ್ದರೆ, 50 ಮಿಲಿಮೀಟರ್ ಎತ್ತರದ ಕೂಲರ್‌ಗೆ ನೀವು ಹೊರಲಾಗದ ಹೊರೆ ಹೊರಿಸಿದ್ದೀರಿ ಎಂದಾಯಿತು. ಬಯೋಸ್‌ನಲ್ಲಿ (ಆನ್ ಮಾಡಿದೊಡನೆ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಲ್ಲಿ) ವಿದ್ಯುತ್ ಮಿತಿ ಇಳಿಸಿ. ರೈಜ಼ನ್‌ನಲ್ಲಿ ಇಕೊ ಮೋಡ್ ಎಂಬ ಆಯ್ಕೆ ಇದೆ. 65 ವ್ಯಾಟ್‌ನದನ್ನು ಆರಿಸಿದರೆ ಪ್ರೊಸೆಸರ್ ಎಳೆಯುವ ಒಟ್ಟು ವಿದ್ಯುತ್ತು 88 ವ್ಯಾಟ್‌ಗೆ ನಿಲ್ಲುತ್ತದೆ. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 ಎಂಬ ಮಿತಿಗಳನ್ನು ತಗ್ಗಿಸಬೇಕು. ಆಟಗಳ ವೇಗದಲ್ಲಿ ಆಗುವ ನಷ್ಟ ಬಹುಪಾಲು ಗಮನಕ್ಕೇ ಬಾರದು.

## ಲಕ್ಷಣ: ಆನ್ ಮಾಡಿದ ಸೆಕೆಂಡುಗಳಲ್ಲೇ ಆಫ್

ಹೊಸದಾಗಿ ಜೋಡಿಸಿದ ಯಂತ್ರವಾದರೆ ಕೂಲರ್‌ನ ತಳದ ರಕ್ಷಣಾ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ. ನಗಬೇಡಿ. ಅನುಭವಸ್ಥರೂ ಮರೆಯುತ್ತಾರೆ. ಪ್ರೊಸೆಸರ್‌ನ ಫ್ಯಾನ್ ತಂತಿ ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್‌ಗೇ ಸೇರಿದೆಯೇ, ಇಂಟೆಲ್‌ನ ಒತ್ತುಗೂಟದ ಕೂಲರ್ ಆಗಿದ್ದರೆ ನಾಲ್ಕೂ ಗೂಟಗಳು ಬೋರ್ಡಿನ ಹಿಂಬದಿಗೆ ತೂರಿವೆಯೇ ಎಂಬುದನ್ನೂ ಪರೀಕ್ಷಿಸಿ.

ನೀರಿನ ಕೂಲರ್ ಆಗಿದ್ದರೆ ಪಂಪ್ ಮೇಲೆ ಬೆರಳಿಡಿ. ಸಣ್ಣ ನಡುಕ ಗೊತ್ತಾಗಬೇಕು. ನಡುಕವೇ ಇಲ್ಲ, ಒಂದು ಕೊಳವೆ ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಎಂದರೆ ನೀರು ಹರಿಯುತ್ತಿಲ್ಲ. ಪಂಪ್ ಯಾವಾಗಲೂ ಪೂರ್ಣ ವೇಗದಲ್ಲಿ ತಿರುಗುವಂತೆ ಬಯೋಸ್‌ನಲ್ಲಿ ಹೇಳಿ. ಗುಳುಗುಳು ಸದ್ದು ಕೇಳಿಸುತ್ತಿದ್ದರೆ ಪಂಪ್ ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿದೆಯೇ ನೋಡಿ. ಹಾಗಿದ್ದರೆ ಗಾಳಿಗುಳ್ಳೆಗಳು ಅಲ್ಲೇ ಸೇರುತ್ತವೆ. ರೇಡಿಯೇಟರ್‌ನ ಒಂದು ತುದಿಯಾದರೂ ಪಂಪ್‌ಗಿಂತ ಮೇಲಿರಬೇಕು. ಒಣಗಿದ ಅಥವಾ ಸೋರುವ ಮುಚ್ಚಿದ ಕೂಲರನ್ನು ರಿಪೇರಿ ಮಾಡಲು ಹೋಗಬೇಡಿ, ಬದಲಿಸಿ.

ತಾಪ ಸರಿಯಿದ್ದೂ ಸೆಕೆಂಡುಗಳಲ್ಲಿ ಆಫ್ ಆದರೆ, ಕೇಸ್‌ನ ಪವರ್ ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು. ಗುಂಡಿಯನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆಫ್ ಆಗುತ್ತದಲ್ಲವೇ, ಸಿಕ್ಕಿಕೊಂಡ ಗುಂಡಿಯೂ ಅದನ್ನೇ ಮಾಡುತ್ತದೆ. ಗುಂಡಿಯ ತಂತಿಯನ್ನು ಮದರ್‌ಬೋರ್ಡ್‌ನಿಂದ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಿ. ಈಗ ಆಫ್ ಆಗದಿದ್ದರೆ ಕಳ್ಳ ಸಿಕ್ಕಿದ. ಬೇರೆ ಪಿನ್‌ಗಳಿಗೆ ತಾಗಿಸದಂತೆ ಎಚ್ಚರವಿರಲಿ. ಕೈ ನಡುಗುವವರು ರೀಸೆಟ್ ಗುಂಡಿಯ ತಂತಿಯನ್ನು ಆ ಜಾಗಕ್ಕೆ ಸಿಕ್ಕಿಸಿ ಅದನ್ನೇ ಒತ್ತಬಹುದು.

## ಲಕ್ಷಣ: ಆಟದ ನಡುವೆ ಟಪ್ಪೆಂದು ಆಫ್, ಮುನ್ಸೂಚನೆ ಇಲ್ಲ

ಇಲ್ಲಿ ಎರಡನೆಯ ಪ್ರಶ್ನೆ ಕೆಲಸಕ್ಕೆ ಬರುತ್ತದೆ: ಮತ್ತೆ ಹೇಗೆ ಎದ್ದಿತು?

ಗುಂಡಿ ಒತ್ತಿದರೂ ಏಳದೆ, ಹಿಂಬದಿಯ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದ ಮೇಲೆ ಎದ್ದರೆ, ಪವರ್ ಸಪ್ಲೈ ಹೆಚ್ಚಿನ ಹೊರೆ ಕಂಡು ತನ್ನನ್ನು ತಾನೇ ಬೀಗ ಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಸ್ವಿಚ್ ಆಡಿಸಿದರೂ ಏಳದೆ, ಹತ್ತು ಹದಿನೈದು ನಿಮಿಷ ತಣಿದ ಮೇಲಷ್ಟೇ ಎದ್ದರೆ ಪವರ್ ಸಪ್ಲೈಯೇ ಬಿಸಿಯಾಗಿ ನಿಂತಿದೆ. ನನ್ನದು ಈ ಎರಡನೆಯದು. ತಾನಾಗಿಯೇ ಮರುಕ್ಷಣ ರೀಸ್ಟಾರ್ಟ್ ಆದರೆ ಮುಂದಿನ ಭಾಗಗಳನ್ನೂ ಓದಿ.

ಪವರ್ ಸಪ್ಲೈಯ ಬಿಸಿಯನ್ನು ಬಹುಪಾಲು ಯಂತ್ರಗಳಲ್ಲಿ ಯಾವ ತಂತ್ರಾಂಶವೂ ತೋರಿಸುವುದಿಲ್ಲ ಎಂಬುದೇ ಇಲ್ಲಿಯ ಮೋಸ. ಅದರ ಫ್ಯಾನ್ ಎತ್ತ ಮುಖ ಮಾಡಿದೆ, ಅದರ ಮುಂದೆ ಜಾಲರಿ ಇದೆಯೇ ಅಥವಾ ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಬೆನ್ನು ಇದೆಯೇ, ಕೇಬಲ್‌ಗಳು ಒತ್ತಿಕೊಂಡಿವೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಕಡಿಮೆ ಹೊರೆಯಲ್ಲಿ ಫ್ಯಾನ್ ತಿರುಗದೆ ಇರುವುದು ಅನೇಕ ಮಾದರಿಗಳಲ್ಲಿ ಸಹಜ. ಆಟದ ಹೊತ್ತಿನಲ್ಲೂ ತಿರುಗದಿದ್ದರೆ ಸಹಜವಲ್ಲ. ಅತಿ ಪುಟ್ಟ ಯಂತ್ರಗಳಿಗೆ ಹೊರಗಿನ ಅಡಾಪ್ಟರ್ ಇರುತ್ತದೆ, ಅದನ್ನು ಬಟ್ಟೆಯ ಕೆಳಗೋ ಮೇಜಿನ ಸಂದಿಯಲ್ಲೋ ಸಿಕ್ಕಿಸಬೇಡಿ.

ಹೊರೆಯ ಸಮಸ್ಯೆಯನ್ನು ದುಡ್ಡಿಲ್ಲದೆ ಪರೀಕ್ಷಿಸಬಹುದು. ಗ್ರಾಫಿಕ್ಸ್ ಕಾರ್ಡ್‌ನ ವಿದ್ಯುತ್ ಮಿತಿಯನ್ನು ಅದರ ತಂತ್ರಾಂಶದಲ್ಲಿ ಶೇಕಡ 70ಕ್ಕೆ ಇಳಿಸಿ, ಆಟದ ಫ್ರೇಮ್ ವೇಗವನ್ನು 60ಕ್ಕೆ ಕಟ್ಟಿಹಾಕಿ ಎರಡು ಮೂರು ದಿನ ಆಡಿ. ಆಫ್ ಆಗುವುದು ನಿಂತರೆ ಪವರ್ ಸಪ್ಲೈ ಅಥವಾ ಅದರ ಕೇಬಲ್ ಕಡೆ ಬೆರಳು ತೋರಿಸಬಹುದು. ಇಂದಿನ ಕಾರ್ಡ್‌ಗಳು ಮಿಲಿಸೆಕೆಂಡಿಗಿಂತಲೂ ಕಡಿಮೆ ಹೊತ್ತು ತಮ್ಮ ಹೆಸರಿನ ವ್ಯಾಟ್‌ಗಿಂತ ಎಷ್ಟೋ ಹೆಚ್ಚು ಎಳೆಯುತ್ತವೆ. 2022ರ ಎಟಿಎಕ್ಸ್ 3.0 ನಿಯಮಾವಳಿ ಇದಕ್ಕೆಂದೇ, ಪವರ್ ಸಪ್ಲೈ 100 ಮೈಕ್ರೊಸೆಕೆಂಡುಗಳ ಕಾಲ ತನ್ನ ಸಾಮರ್ಥ್ಯದ ಎರಡರಷ್ಟು ಹೊರೆ ತಾಳಬೇಕು ಎಂದಿತು. ಅದಕ್ಕೂ ಹಿಂದಿನ ಮಾದರಿ, ಲೆಕ್ಕದಲ್ಲಿ ವ್ಯಾಟ್ ಸಾಕಾಗುವಂತೆ ಕಂಡರೂ, ಆ ಕ್ಷಣದ ನೆಗೆತಕ್ಕೆ ಬೆಚ್ಚಿ ಬೀಗ ಹಾಕಿಕೊಳ್ಳಬಹುದು.

ಕೇಬಲ್‌ಗಳನ್ನು ಎರಡೂ ತುದಿಯಲ್ಲಿ ಒತ್ತಿ ನೋಡಿ. ಕಾರ್ಡ್‌ಗೆ ಎರಡು 8 ಪಿನ್ ಜಾಗಗಳಿದ್ದರೆ ಒಂದೇ ಕೇಬಲ್‌ನ ಕವಲುಗಳ ಬದಲು ಎರಡು ಬೇರೆ ಕೇಬಲ್ ಕೊಡಿ. ಹೊಸ 16 ಪಿನ್ ಕನೆಕ್ಟರ್ ಆದರೆ ಕೊನೆಯವರೆಗೆ ಕೂತಿರಲೇಬೇಕು. ಅರೆಬರೆ ಕೂತದ್ದು ಕರಗಿದ ಪ್ರಕರಣಗಳಿವೆ. ಪುಟ್ಟ ಕೇಸ್‌ನ ಹಲಗೆ ಈ ಕೇಬಲನ್ನು ಕನೆಕ್ಟರ್ ಬುಡದಲ್ಲೇ ಮಡಿಚಿ ಒತ್ತುತ್ತದೆ, ಅಲ್ಲಿ ಮೂರೂವರೆ ಸೆಂಟಿಮೀಟರ್‌ನಷ್ಟಾದರೂ ನೇರವಾಗಿರಲಿ. ಕನೆಕ್ಟರ್ ಕಂದಿದ್ದರೆ ಆ ಕೇಬಲ್ ಮತ್ತೆ ಬಳಸಬೇಡಿ.

ಇನ್ನೊಂದು ಮಾತು, ಇದನ್ನು ಮರೆತವರು ಡಿಸ್ಕ್, ಬೋರ್ಡ್ ಎಲ್ಲ ಸುಟ್ಟುಕೊಂಡಿದ್ದಾರೆ: ಬಿಚ್ಚಿ ಹಾಕುವ ಕೇಬಲ್‌ಗಳ ಪವರ್ ಸಪ್ಲೈ ತುದಿಗೆ ಎಲ್ಲ ಕಂಪನಿಗಳಿಗೂ ಸಮಾನವಾದ ಪಿನ್ ಕ್ರಮ ಇಲ್ಲ. ಪವರ್ ಸಪ್ಲೈ ಬದಲಿಸಿದರೆ ಅದರ ಕೇಬಲ್‌ಗಳನ್ನೂ ಬದಲಿಸಿ. ಹಳೆಯದು ಸಲೀಸಾಗಿ ಕೂತರೂ ಬಳಸಬೇಡಿ.

## ಲಕ್ಷಣ: ಪರದೆ ಕಪ್ಪು, ಫ್ಯಾನ್‌ಗಳು ಮಾತ್ರ ತಿರುಗುತ್ತಿವೆ

ಇದು ಆಫ್ ಆಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಸಂಪರ್ಕ ಕಳೆದುಕೊಂಡಿದೆ. ಮೊದಲು ಮಾನಿಟರ್ ತಂತಿ ನೋಡಿ. ಕಾರ್ಡ್ ನೇರವಾಗಿ ಬೋರ್ಡಿಗೆ ಕೂರದೆ ರೈಸರ್ ಕೇಬಲ್ ಎಂಬ ಚಪ್ಪಟೆ ತಂತಿಯ ಮೂಲಕ ಸೇರಿದ್ದರೆ ನನ್ನ ಅನುಮಾನ ಮೊದಲು ಅದರ ಮೇಲೇ. ಬಯೋಸ್‌ನಲ್ಲಿ ಪಿಸಿಐಇ (ಕಾರ್ಡ್ ಬೋರ್ಡಿಗೆ ಸೇರುವ ಸಂಪರ್ಕದ) ವೇಗವನ್ನು ‘ಜೆನ್ 3’ ಎಂದು ಇಡಿ. ತೊಂದರೆ ಮಾಯವಾದರೆ ಆ ರೈಸರ್ ಹೆಚ್ಚಿನ ವೇಗಕ್ಕೆ ತಕ್ಕದ್ದಲ್ಲ ಅಥವಾ ಮಡಿಕೆಯಲ್ಲಿ ಹಾನಿಯಾಗಿದೆ. ಜೆನ್ 3ರಲ್ಲೇ ಬಿಟ್ಟರೂ ಹೆಚ್ಚಿನ ನಷ್ಟವಿಲ್ಲ.

ಇಡೀ ಯಂತ್ರ ಹೆಪ್ಪುಗಟ್ಟಿ, ರೀಸ್ಟಾರ್ಟ್ ಆದಾಗ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂದು ಹೇಳಿ, ಕೆಲಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದರೆ ಎಂ.2 ಡಿಸ್ಕ್ (ಬೋರ್ಡಿಗೇ ಸಿಕ್ಕಿಸುವ ಚಪ್ಪಟೆ ಎಸ್‌ಎಸ್‌ಡಿ) ಬಿಸಿಯಾಗಿರಬಹುದು. ಮಿನಿ ಐಟಿಎಕ್ಸ್ ಬೋರ್ಡ್‌ಗಳಲ್ಲಿ ಅದರ ಜಾಗ ಹಲವು ಸಲ ಬೋರ್ಡಿನ ಬೆನ್ನಿಗಿರುತ್ತದೆ, ಗಾಳಿ ಸುಳಿಯದ ಕಡೆ. ಬೆನ್ನಿನ ತಟ್ಟೆಗೆ ಬಿಸಿ ದಾಟುವಂತೆ ಸರಿಯಾದ ದಪ್ಪದ ಥರ್ಮಲ್ ಪ್ಯಾಡ್ ಇಟ್ಟರೆ ಸಾಕಾಗುತ್ತದೆ. ಯಾವುದಕ್ಕೂ ಮೊದಲು ಮುಖ್ಯ ಕಡತಗಳ ನಕಲು ಮಾಡಿಕೊಳ್ಳಿ.

## ಲಕ್ಷಣ: ನೀಲಿ ಪರದೆ, ಇಲ್ಲವೇ ತಾನಾಗಿ ರೀಸ್ಟಾರ್ಟ್

ವಿಂಡೋಸ್‌ನಲ್ಲಿ ‘ತಾನಾಗಿ ರೀಸ್ಟಾರ್ಟ್ ಆಗು’ ಎಂಬ ಆಯ್ಕೆಯನ್ನು ತೆಗೆದರೆ ನೀಲಿ ಪರದೆಯ ಬರಹ ಓದಲು ಸಮಯ ಸಿಗುತ್ತದೆ. ಮೊದಲು ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಬಯೋಸ್‌ನಲ್ಲಿ ಆಫ್ ಮಾಡಿ, ನೀವು ಮಾಡಿದ ಓವರ್‌ಕ್ಲಾಕ್ (ವೇಗ ಏರಿಕೆ), ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಕೆ) ಎಲ್ಲ ಹಿಂತೆಗೆಯಿರಿ. ಆಮೇಲೆ ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ; ಒಂದೇ ಒಂದು ತಪ್ಪು ಬಂದರೂ ಮೆಮೊರಿ ಕಡೆ ತೊಂದರೆ ಇದೆ ಎಂದೇ ಅರ್ಥ. ಇವೆಂಟ್ ವ್ಯೂವರ್‌ನಲ್ಲಿ ‘ವ್ಹೀಯಾ-ಲಾಗರ್ 18’ ಕಂಡರೆ ಪ್ರೊಸೆಸರ್ ತನ್ನ ದೋಷವನ್ನು ತಾನೇ ವರದಿ ಮಾಡಿದೆ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಬಯೋಸ್ ಹೊಸದಾಗಿದೆಯೇ ನೋಡಿಕೊಳ್ಳಲೇಬೇಕು. ಇವುಗಳಲ್ಲಿ ಹಲವು, ಹೆಚ್ಚಿನ ವೋಲ್ಟೇಜ್‌ನಿಂದ ಕ್ರಮೇಣ ಅಸ್ಥಿರವಾಗುತ್ತಿರುವುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶದ) ತಿದ್ದುಪಡಿ ಕೊಟ್ಟಿತು, ಖಾತರಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾನಿಯಾದದ್ದನ್ನು ತಿದ್ದುಪಡಿ ಸರಿಮಾಡದು, ಪ್ರೊಸೆಸರ್ ಬದಲಿಸಿಕೊಳ್ಳಬೇಕು.

## ಲಕ್ಷಣ: ಸುಮ್ಮನಿದ್ದಾಗ ಆಫ್

ನಿದ್ದೆಗೆ ಹೋಗಿದ್ದನ್ನೇ ಆಫ್ ಎಂದುಕೊಂಡಿರಬಹುದು, ಪವರ್ ಆಯ್ಕೆಗಳನ್ನು ನೋಡಿ. ಅಂಡರ್‌ವೋಲ್ಟ್ ಮಾಡಿದ ರೈಜ಼ನ್, ಭಾರದ ಪರೀಕ್ಷೆ ಗೆದ್ದು ಬಿಡುವಿನಲ್ಲಿ ಬೀಳುವುದುಂಟು. ಹಗುರ ಕೆಲಸದಲ್ಲೇ ಅದು ಅತಿ ಹೆಚ್ಚಿನ ವೇಗಕ್ಕೆ ನೆಗೆಯುವುದು. ಕರೆಂಟ್ ಕಣ್ಣು ಮಿಟುಕಿಸಿದಾಗ ಮಾತ್ರ ಆಫ್ ಆದರೆ ಯಂತ್ರದ ತಪ್ಪಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರವಾಗಿ ಗೋಡೆಗೆ ಹಾಕಿ ನೋಡಿ. ಯುಪಿಎಸ್ ಇದ್ದೂ ಬೀಳುತ್ತಿದ್ದರೆ ಅದರ ಬ್ಯಾಟರಿ ಹಳೆಯದಾಗಿದೆ, ಇಲ್ಲವೇ ಅದು ಕೊಡುವ ಅಲೆಯ ರೂಪ ನಿಮ್ಮ ಪವರ್ ಸಪ್ಲೈಗೆ ಒಗ್ಗುತ್ತಿಲ್ಲ. ಶುದ್ಧ ಸೈನ್ ಅಲೆಯ ಯುಪಿಎಸ್ ಬೇಕಾಗಬಹುದು.

## ಇಲ್ಲಿ ಕೈ ಬಿಡಿ

ಹೊಗೆ ಅಥವಾ ಸುಟ್ಟ ವಾಸನೆ ಬಂದಿದ್ದರೆ, ಕನೆಕ್ಟರ್ ಕರಗಿದ್ದರೆ, ಬೋರ್ಡ್ ಮೇಲೆ ದ್ರವ ಬಿದ್ದಿದ್ದರೆ, ಕೇಸ್ ಮುಟ್ಟಿದಾಗ ಜುಮ್ಮೆಂದರೆ ನೀವೇ ಮುಂದುವರಿಯಬೇಡಿ. ಜುಮ್ಮೆನ್ನುವುದು ಮನೆಯ ಅರ್ಥಿಂಗ್ ದೋಷವೂ ಆಗಿರಬಹುದು, ಅದಕ್ಕೆ ಬೇಕಾದವರು ಎಲೆಕ್ಟ್ರಿಷಿಯನ್. ಮೇಲಿನದೆಲ್ಲ ಮಾಡಿಯೂ ಬಗೆಹರಿಯದಿದ್ದರೆ ಉಳಿದಿರುವುದು ಬಿಡಿಭಾಗ ಬದಲಿಸಿ ನೋಡುವ ಪರೀಕ್ಷೆ. ಗೆಳೆಯರ ಬಳಿ ಚೆನ್ನಾಗಿರುವ ಪವರ್ ಸಪ್ಲೈ ಸಿಕ್ಕರೆ, ಅದರದೇ ಕೇಬಲ್‌ಗಳೊಂದಿಗೆ, ಕೇಸ್‌ನ ಹೊರಗಿಟ್ಟು ಜೋಡಿಸಿ ನೋಡಿ. ಸಿಗದಿದ್ದರೆ ಅಂದಾಜಿನ ಮೇಲೆ ಒಂದೊಂದೇ ಭಾಗ ಕೊಳ್ಳುವುದಕ್ಕಿಂತ ರಿಪೇರಿಯವರ ಬಳಿ ಒಯ್ಯುವುದು ಅಗ್ಗ.

ಒಯ್ಯುವಾಗ ತಾಪಮಾನದ ಫೈಲ್, ಯಾವ ಕೆಲಸ ಮಾಡುವಾಗ ಎಷ್ಟು ನಿಮಿಷಕ್ಕೆ ಆಫ್ ಆಯಿತು, ಏಳಲು ಏನು ಮಾಡಬೇಕಾಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಕ್ಕದ ಹಲಗೆ ತಿರುಪು ಹಾಕಿ ಮುಚ್ಚಿದ್ದಾಗಲೇ ಪರೀಕ್ಷಿಸಿ ಎಂದು ಹೇಳಲು ಮರೆಯಬೇಡಿ. ತೆರೆದ ಮೇಜಿನ ಮೇಲೆ ಇಂಥ ಯಂತ್ರಗಳು ದಿನಗಟ್ಟಲೆ ಚೆನ್ನಾಗಿ ಓಡಿ, ಮನೆಗೆ ಬಂದು ಮುಚ್ಚಿದ ಸಂಜೆಯೇ ಮತ್ತೆ ಆಫ್ ಆಗುತ್ತವೆ.